ಒತ್ತಿಲ್ಲದ ತಟ್ಟೆ

ನಮ್ಮ ಮನೆಯ ಪಾತ್ರೆಪಡಗಗಳಲ್ಲೆಲ್ಲ ಹೆಚ್ಚು ಕೀರ್ತಿ ಸಂಪಾದಿಸಿರುವುದು ಒಂದು ಸ್ಟೀಲ್ ತಟ್ಟೆ. ಅದರ ಕೀರ್ತಿಯಲ್ಲಿ ನನ್ನದೂ ಒಂದು ಪಾಲಿದೆ. ಅದು ಎಂಥ ಪಾಲು ಎಂದು ಈಗಲೇ ಹೇಳಿಬಿಟ್ಟರೆ ನೀವು ಇದನ್ನು ಇಲ್ಲಿಗೇ ಬಿಟ್ಟು ನಿಮ್ಮ ಮನೆಯಾಕೆಯ ಕೈಗೆ ಕೊಟ್ಟುಬಿಡುತ್ತೀರಿ, ಅಥವಾ ಅವರ ಕೈಗೆ ಸಿಗದ ಹಾಗೆ ಬಚ್ಚಿಡುತ್ತೀರಿ. ಎರಡೂ ನನಗೆ ಒಳ್ಳೆಯದಲ್ಲ. ಆದ್ದರಿಂದ ತಟ್ಟೆಯ ಅಂಚಿನಿಂದ ಶುರುಮಾಡುತ್ತೇನೆ.

ಆ ಅಂಚಿನ ಮೇಲೆ ಚುಕ್ಕಿಚುಕ್ಕಿಯಾಗಿ ‘ಮಲೇಶ, ಗುಬ್ಬಿ’ ಎಂದು ಹೆಸರು ಹಾಕಿದೆ. ನನ್ನ ಹೆಸರು ಮಲ್ಲೇಶ. ಹೈಸ್ಕೂಲಿಗೆ ನನ್ನನ್ನು ತುಮಕೂರಿನ ಒಂದು ಹಾಸ್ಟೆಲ್ಲಿಗೆ ಸೇರಿಸುವಾಗ, ಹುಡುಗರು ತಮ್ಮ ತಮ್ಮ ತಟ್ಟೆ ಲೋಟ ತರಬೇಕು, ಅವಕ್ಕೆ ಹೆಸರು ಹಾಕಿಸಿರಬೇಕು ಎಂದು ಹೇಳಿದ್ದರು. ಹೊರಡುವ ದಿನ ಬೆಳಿಗ್ಗೆಯೇ ಅವ್ವನಿಗೆ ಅದು ನೆನಪಾದದ್ದು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದುಕೊಂಡು ಗುಬ್ಬಿಯ ಬಸ್‌ಸ್ಟ್ಯಾಂಡಿನ ಎದುರಿನ ಪಾತ್ರೆ ಅಂಗಡಿಗೆ ನುಗ್ಗಿದಳು. ಹೆಸರು ಹಾಕುವವನು ಸಣ್ಣ ಉಳಿ ಇಟ್ಟು ಟಕಟಕ ಬಡಿಯುತ್ತ ‘ಮ’ ಮುಗಿಸಿ ‘ಲೇ’ ಮುಗಿಸುವಷ್ಟರಲ್ಲಿ ತುಮಕೂರಿನ ಬಸ್ಸು ಬಂದು ನಿಂತಿತು.

“ಬಸ್ಸು ಹೊಂಟೋಯ್ತದೆ, ಬಿರ್ರನೆ ಮುಗ್ಸಪ್ಪ,” ಎಂದಳು ಅವ್ವ.

“ಲಾವತ್ತು ಬಾಕಿ ಐತೆ ಕಣಮ್ಮ.”

“ಒತ್ತು ಆಮೇಲ್ ಹಾಕುಸ್ಕಂಡ್ರಾಯ್ತು ಬುಡು. ಮುಂದ್ಲು ಅಕ್ಸರ ಹಾಕು.”

ಆ ‘ಆಮೇಲೆ’ ಇವತ್ತಿನವರೆಗೂ ಬಂದಿಲ್ಲ. ಮಲೇಶ ಎಂಬವನು ‘ಮಲೇಶಿಯಾ’ ಆಗಲು ಹಾಸ್ಟೆಲ್ಲಿನಲ್ಲಿ ಒಂದು ವಾರ ಸಾಕಾಯಿತು. ಗುಬ್ಬಿ ದಾಟಿ ಅದೇ ಮೊದಲ ಸಲ ಬಂದಿದ್ದ ನಾನು ಒಂದೇ ವಾರದಲ್ಲಿ ಪರದೇಶಿಯಾದೆ. ಮುಂದೆ ಓದಿ, ತುಮಕೂರಿನ ಒಂದು ಜೂನಿಯರ್ ಕಾಲೇಜಿನಲ್ಲಿ ಕನ್ನಡ ಲೆಕ್ಚರರ್ ಆದೆ. ಒತ್ತಕ್ಷರ ಬಿಟ್ಟ ಮಕ್ಕಳಿಗೆ ಅರ್ಧ ಅರ್ಧ ಅಂಕ ಕಳೆಯುತ್ತ ಬಂದಿದ್ದೇನೆ. ಮನೆಗೆ ಬಂದು ಊಟಕ್ಕೆ ಕೂತರೆ ಮುಂದೆ ಇದೇ ತಟ್ಟೆ.

ಹಾಸ್ಟೆಲ್ಲಿನಲ್ಲಿ ಉಂಡ ತಟ್ಟೆಯನ್ನು ಉಂಡವನೇ ತೊಳೆಯಬೇಕಾಗಿತ್ತು. ನಲ್ಲಿಯ ಮುಂದೆ ಉದ್ದ ಸಾಲು, ಪಕ್ಕದಲ್ಲಿ ಬೂದಿಯ ಗುಡ್ಡೆ, ಕೊನೆಯಲ್ಲಿ ವಾರ್ಡನ್ನು. ಅವರು ತಟ್ಟೆಯ ಮುಖವನ್ನು ನೋಡುತ್ತಲೇ ಇರಲಿಲ್ಲ. ತಿರುಗಿಸಿ ಬೆನ್ನು ನೋಡುತ್ತಿದ್ದರು. “ಮುಖ ಎಲ್ರೂ ತೊಳೀತಾರೆ ಕಣ್ರೋ, ಬೆನ್ನು ತೊಳೆದೋನೇ ಮನುಷ್ಯ,” ಎನ್ನುವುದು ಅವರ ಮಾತು. ಐದು ವರ್ಷ ನಾನು ತಟ್ಟೆಯ ಬೆನ್ನುಜ್ಜಿ ಮನುಷ್ಯನಾಗಿದ್ದೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಪರವಾಗಿ ಹೇಳಲು ನಿಮಗೆ ಬೇರೇನೂ ಸಿಗುವುದಿಲ್ಲ.

ರಜಕ್ಕೆ ಊರಿಗೆ ಬಂದರೆ ಅಲ್ಲಿನ ಕ್ರಮವೇ ಬೇರೆ. ಅಪ್ಪ ಉಂಡಾದಮೇಲೆ ಚೊಂಬಿನ ನೀರನ್ನು ತಟ್ಟೆಗೇ ಸುರಿದುಕೊಂಡು, ಬಲಗೈ ಅದ್ದಿ, ಬೆರಳಿಗೆ ಬೆರಳು ಉಜ್ಜಿ, ಕೈಯನ್ನು ಮೂರು ಸಲ ಒದರಿ, “ಶಿವಾ” ಎಂದು ಎದ್ದುಬಿಡುತ್ತಿದ್ದರು. ತಟ್ಟೆಯಲ್ಲಿ ಉಳಿದ ಸಾರು, ಅನ್ನದ ಅಗುಳು, ಕರಿಬೇವಿನ ಸೊಪ್ಪು ಎಲ್ಲವೂ ಸೇರಿ ಒಂದು ಸಣ್ಣ ಕೆರೆಯಾಗಿರುತ್ತಿತ್ತು. ಅದನ್ನು ತುಳುಕಿಸದೆ ಹಿತ್ತಿಲಿಗೆ ಒಯ್ಯುವುದು ಅವ್ವನ ಕೆಲಸ. ನಮ್ಮ ಕಡೆಯ ಗಂಡಸರಲ್ಲಿ ಇದೂ ಒಂದು ವಿದ್ಯೆ. ನನ್ನ ದೊಡ್ಡಪ್ಪ ನೀರು ಸುರಿಯುವಾಗ ತಟ್ಟೆಯನ್ನು ಅಷ್ಟಿಷ್ಟು ವಾಲಿಸಿ ಅಗುಳನ್ನೆಲ್ಲ ಒಂದು ಮೂಲೆಗೆ ತರುತ್ತಿದ್ದರು. ಅದು ದೊಡ್ಡಮ್ಮನಿಗೆ ತಾವು ಮಾಡುವ ಉಪಕಾರ ಎಂದು ಅವರ ನಂಬಿಕೆ. ಹಾಸ್ಟೆಲ್ ಮುಗಿಯಿತು, ಕಾಲೇಜು ಮುಗಿಯಿತು, ಮದುವೆಯಾಯಿತು. ಯಾವತ್ತು, ಯಾವ ಊಟದಲ್ಲಿ, ನಾನು ನಲ್ಲಿಯ ಸಾಲು ಬಿಟ್ಟು ಅಪ್ಪನ ಸಾಲಿಗೆ ಸೇರಿದೆನೋ ಖಚಿತವಾಗಿ ಗೊತ್ತಿಲ್ಲ. ‘ಕೈತೊಳೆದುಕೊಳ್ಳುವುದು’ ಎಂಬ ನುಡಿಗಟ್ಟಿಗೆ ಸ್ವಂತ ವಾಕ್ಯ ರಚಿಸಿ ಎಂದು ವರ್ಷಾ ವರ್ಷ ಪ್ರಶ್ನೆ ತೆಗೆಯುವಾಗಲೂ ನನಗೆ ಹೊಳೆದಿರಲಿಲ್ಲ.

ನನ್ನ ಹೆಂಡತಿ ಗಿರಿಜಾ ಕುಣಿಗಲಿನವಳು. ಅಲ್ಲಿನ ಕುದುರೆ ಫಾರಂ ಹತ್ತಿರದ ಬೀದಿಯಲ್ಲಿ ಬೆಳೆದವಳು. ಹೆಣ್ಣು ನೋಡಲು ಹೋದಾಗ ನಮ್ಮ ಕಡೆಯ ಹಿರಿಯರೊಬ್ಬರು “ಹುಡುಗಿಗೆ ಹಾಡು ಬತ್ತದಾ?” ಎಂದು ಕೇಳಿದರು. “ಹಾಡು ಬರಲ್ಲ, ಪಿಟೀಲು ಬರುತ್ತೆ,” ಎಂದು ಒಳಗಿಂದ ಪಿಟೀಲು ತಂದು ಒಂದು ಕೀರ್ತನೆ ನುಡಿಸಿದಳು. ಎಲ್ಲರೂ ತಲೆದೂಗಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕೊನೆಯಲ್ಲಿ ಕಮಾನನ್ನು ಓರೆಯಾಗಿ ಎಳೆದು ಪಿಟೀಲನ್ನು ಸಾಕ್ಷಾತ್ ಕುದುರೆಯ ಹಾಗೆ ಕೆನೆಯಿಸಿದಳು. ಹಿರಿಯರ ಕೈಯಲ್ಲಿದ್ದ ಉಪ್ಪಿಟ್ಟು ಪಂಚೆಯ ಮೇಲೆ ಬಿತ್ತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಮತ್ತು ಮನೆಗೆ ಬರುವ ದಾರಿಯಲ್ಲಿ “ಇದೇ ಹುಡ್ಗಿ ಕಣ್ಲಾ” ಎಂದಳು.

ಮದುವೆಯಾದ ಕೆಲವು ವರ್ಷಕ್ಕೆ ಕೀರ್ತನೆ ನಿಂತುಹೋಗಿ ಕೆನೆತವೇ ಉಳಿಯಿತು. ಬೆಂಗಳೂರಿನ ಯಾವುದೋ ಶಿಬಿರಕ್ಕೆ ಹೋಗಿಬಂದವಳು ಅಂಗೈಯಗಲದ ಒಂದು ಕಪ್ಪು ರೆಕಾರ್ಡರ್ ಹಿಡಿದುಕೊಂಡು ಊರೆಲ್ಲ ಸುತ್ತತೊಡಗಿದಳು. ಸದ್ದೇ ಸಂಗೀತ ಎನ್ನುವ ಪ್ರಯೋಗದ ದಾರಿ ಅದು. ಕಬ್ಬಿಣದ ಗೇಟಿನ ಕಿರಕಿರ, ತೆಂಗಿನಕಾಯಿ ತುರಿಯುವ ಸದ್ದು, ಹದಿನೇಳು ನಿಮಿಷ ಖಾಲಿ ಮಿಕ್ಸಿ. ಒಮ್ಮೆ ಲೇತ್ ಮಿಷನ್ನಿನ ಸದ್ದು ಹಿಡಿಯಲು ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿಗೆ ಹೋದಳು. ಕೈಯಲ್ಲಿ ರೆಕಾರ್ಡರ್, ಕಿವಿಗೆ ಹೆಡ್‌ಫೋನು ನೋಡಿ ಮಾಲೀಕ ಇವಳು ಶಬ್ದಮಾಲಿನ್ಯ ಅಳೆಯಲು ಬಂದ ಅಧಿಕಾರಿಯೆಂದೇ ತಿಳಿದು, ಇದ್ದಬದ್ದ ಮಿಷನ್ನುಗಳನ್ನೆಲ್ಲ ಆಫ್ ಮಾಡಿಸಿ, ಎಳನೀರು ತರಿಸಿಕೊಟ್ಟ. ಎಂಟು ನಿಮಿಷದ ಮೌನ, ಕೊನೆಗೆ ಸ್ಟ್ರಾ ಎಳೆಯುವ ಸೊರಸೊರ. ಗಿರಿಜಾ ಅದನ್ನೂ ಬಿಡಲಿಲ್ಲ. ‘ಲೋಹ–೧’ ಎಂದು ಹೆಸರಿಟ್ಟು ಬೆಂಗಳೂರಿನ ಒಂದು ಗ್ಯಾಲರಿಯಲ್ಲಿ ಕೇಳಿಸಿದಳು.

ಅವಳ ಸಂಗೀತ ಯಾರಿಗೂ ಅರ್ಥವಾಗುತ್ತಿರಲಿಲ್ಲ. ನನಗೂ ಆಗುತ್ತಿರಲಿಲ್ಲ. ಆದರೆ ಅರ್ಥವಾಗದವರ ಪೈಕಿ ಅದನ್ನು ಒಪ್ಪಿಕೊಳ್ಳದವನು ನಾನೊಬ್ಬನೇ ಆಗಿದ್ದರಿಂದ ವ್ಯಾಖ್ಯಾನಕಾರನ ಹುದ್ದೆ ತಾನಾಗಿ ನನಗೆ ಒಲಿಯಿತು. ಕಚೇರಿ ಮುಗಿದಮೇಲೆ ಯಾರಾದರೂ ಹಿಂಜರಿಯುತ್ತ “ಇದರರ್ಥ…” ಎಂದರೆ ನಾನು ಎದ್ದುನಿಲ್ಲುತ್ತಿದ್ದೆ. “ಹೂವಿಗೆ ಅರ್ಥ ಕೇಳ್ತೀರಾ?” ಎನ್ನುತ್ತಿದ್ದೆ. ಎಳನೀರಿನ ಮೌನವನ್ನು ‘ಯಂತ್ರಯುಗದ ನಿಟ್ಟುಸಿರು’ ಎಂದು ನಾನು ಬಣ್ಣಿಸಿದಾಗ ಒಬ್ಬ ಹಿರಿಯರು ಕಣ್ಣೊರೆಸಿಕೊಂಡದ್ದೂ ಉಂಟು.

ಇವೆಲ್ಲದರಲ್ಲಿ ನನಗೆ ತುಂಬ ಹಿಡಿಸಿದ್ದು ‘ಜಲ–೩’. ಹನ್ನೊಂದು ನಿಮಿಷ. ಮೊದಲು ನೀರು ಬೀಳುತ್ತದೆ, ಆಮೇಲೆ ಏನೋ ಕಲಕುತ್ತದೆ, ಆಮೇಲೆ ಪಟ್ ಪಟ್ ಪಟ್ ಎಂದು ಮೂರು ಹನಿ, ಕೊನೆಗೆ ಎಲ್ಲೋ ಆಳದಿಂದ ಎಳೆದೆಳೆದು ಬರುವ ಒಂದು ದಪ್ಪ ದನಿ. ಇದು ಮತ್ತೆ ಮತ್ತೆ ಬರುತ್ತದೆ. ದೇವರಾಯನದುರ್ಗದ ಮೇಲೆ ಮಳೆ ಸುರಿಯುತ್ತಿದೆ, ಬಂಡೆಯ ಮೇಲೆ ಕೊನೆಯ ಮೂರು ಹನಿ ಬೀಳುತ್ತವೆ, ದೂರದ ಗುಡಿಯಿಂದ ಮಂತ್ರ ಕೇಳುತ್ತಿದೆ ಎಂದು ನಾನು ಹೋದಲ್ಲೆಲ್ಲ ವಿವರಿಸಿದೆ. ಗಿರಿಜಾ ನನ್ನನ್ನೇ ನೋಡುತ್ತ, “ಹೌದಾ?” ಎನ್ನುತ್ತಿದ್ದಳು. ಅಷ್ಟೇ. ಮಹಾನ್ ಕಲಾವಿದರು ಮಿತಭಾಷಿಗಳು ಎಂದು ನಾನು ಅದಕ್ಕೂ ಒಂದು ಅರ್ಥ ಹಚ್ಚಿದ್ದೆ.

ಹೆಂಡತಿ ಪ್ರಯೋಗಶೀಲ ಸಂಗೀತಗಾರ್ತಿ ಎಂಬುದರಿಂದ ನನಗೆ ಇನ್ನೊಂದು ಲಾಭವಾಯಿತು. ಮಾರ್ಚ್ ಎಂಟರಂದು ಮಹಿಳಾ ದಿನಾಚರಣೆಗೆ ಭಾಷಣಕಾರ ಬೇಕೆಂದರೆ ಎಲ್ಲರೂ ನನ್ನನ್ನೇ ಕರೆಯತೊಡಗಿದರು. “ಮಹಿಳಾ ಸಮಾನತೆಗೆ ನಾವು ಹೆಚ್ಚಿನ ಒತ್ತು ನೀಡಬೇಕು” ಎಂಬುದು ನನ್ನ ಭಾಷಣದ ಕೊನೆಯ ವಾಕ್ಯ. ಆ ದಿನ ಎರಡು ಮೂರು ಕಡೆ ಭಾಷಣವಿರುವುದರಿಂದ ಮನೆಯಲ್ಲಿ ಬೇಗ ಊಟ ಬಡಿಸಬೇಕಾಗುತ್ತಿತ್ತು. ಉಂಡು, ಅಲ್ಲೇ ಕೈತೊಳೆದು ಓಡುತ್ತಿದ್ದೆ.

ಹೀಗೆ ಎಲ್ಲವೂ ಸುಖವಾಗಿ ನಡೆಯುತ್ತಿರುವಾಗ ಒಂದು ಭಾನುವಾರ ಗಿರಿಜಾ ಕೆಂಪು ಗಿಟಾರೊಂದನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಹಿಂದೆಯೇ ಗೂಡ್ಸ್ ಆಟೋದಲ್ಲಿ ಡ್ರಮ್ಮುಗಳು ಬಂದವು, ಡ್ರಮ್ಮುಗಳ ನಡುವೆ ತನುಜಾ ಕೂತಿದ್ದಳು. ತನುಜಾ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾಳೆ. “ನಮಸ್ಕಾರ ಸರ್, ಇನ್ಮೇಲೆ ನಿಮ್ಮನೆ ಹಾಲ್‌ನಲ್ಲೇ ಪ್ರಾಕ್ಟೀಸು,” ಎಂದಳು.

“ಏನಿದು?” ಎಂದೆ.

“ರಾಕ್,” ಎಂದಳು ಗಿರಿಜಾ.

“ಅಂದರೆ ರಾಕನ್ನು ಒಡೆದು, ಅದರ ಒಳಗಿನ ಶೂನ್ಯವನ್ನು…”

“ಇಲ್ಲ ರೀ. ಬರೀ ರಾಕ್. ಒಂದು ಗಿಟಾರು, ಒಂದು ಡ್ರಮ್ಮು, ಪಲ್ಲವಿ, ಚರಣ, ಮತ್ತೆ ಪಲ್ಲವಿ. ಎಲ್ರೂ ಮಾಡೋ ಥರ.”

ನನಗೆ ನಿಜವಾಗಿಯೂ ಬೇಜಾರಾಯಿತು. ಇಷ್ಟು ವರ್ಷ ಅರ್ಥವಾಗದ್ದನ್ನು ಕಷ್ಟಪಟ್ಟು ಮೆಚ್ಚಲು ಕಲಿತವನಿಗೆ ಇದು ಹಿನ್ನಡೆಯಲ್ಲವೇ? ಪಲ್ಲವಿ ಚರಣ ಇದ್ದಮೇಲೆ ವ್ಯಾಖ್ಯಾನಕಾರನಿಗೆ ಏನು ಕೆಲಸ? “ಇದು ಸಾಮಾನ್ಯರ ದಾರಿ ಕಣೇ,” ಎಂದೆ. ಅವಳು ಗಿಟಾರಿನ ತಂತಿ ಬಿಗಿ ಮಾಡುತ್ತ ಹೇಳಿದಳು: “ಹತ್ತು ವರ್ಷ ಸದ್ದಿನಲ್ಲೇ ಹೇಳ್ದೆ. ಒಬ್ಬರಿಗೂ ಕೇಳಿಸಲಿಲ್ಲ. ಕೇಳಿಸಬೇಕಾದವರಿಗಂತೂ ಕೇಳಿಸಲೇ ಇಲ್ಲ. ಅದಕ್ಕೇ ಈಗ ಮಾತು ಹಾಕ್ತಿದೀನಿ.” ಅವಳ ದನಿ ಸ್ವಲ್ಪ ಇಳಿದಿತ್ತು. ಕೇಳಿಸಬೇಕಾದವರು ಎಂದರೆ ಬೆಂಗಳೂರಿನ ವಿಮರ್ಶಕರು ಎಂದು ನಾನು ಅರ್ಥಮಾಡಿಕೊಂಡೆ, ಮತ್ತು ಅವರನ್ನು ಚೆನ್ನಾಗಿ ಬೈದೆ.

ಬ್ಯಾಂಡಿಗೆ ‘ನಾದಾನುಸಂಧಾನ’ ಎಂದು ಹೆಸರಿಡಿ ಎಂದೆ. ಅವರು ‘ಮುಸುರೆ’ ಎಂದು ಇಟ್ಟುಕೊಂಡರು. ಪ್ರಾಕ್ಟೀಸ್ ಶುರುವಾದೊಡನೆ ನಾನು ವಾಕಿಂಗ್ ಹೊರಟುಬಿಡುತ್ತಿದ್ದೆ. ಆ ಮೂರು ತಿಂಗಳಲ್ಲಿ ಮೂರು ಕಿಲೋ ಇಳಿದೆ. ಆದರೆ ಒಂದು ಹಾಡನ್ನೂ ಪೂರ್ತಿ ಕೇಳಲಿಲ್ಲ.

ಅವರ ಮೊದಲ ಕಾರ್ಯಕ್ರಮ ನಡೆದದ್ದು ತುಮಕೂರಿನಲ್ಲೇ, ಒಂದು ಕಾಲೇಜಿನ ಬಯಲಿನಲ್ಲಿ. ನಾನು ಮಾಮೂಲಿನಂತೆ ಮೊದಲ ಸಾಲಿನಲ್ಲಿ, ಅರ್ಥವಾಗದಿರಲು ಸಿದ್ಧನಾಗಿ ಕೂತಿದ್ದೆ. ತನುಜಾ ಬರೆದ ಶಿಫ್ಟ್ ಬಸ್ಸಿನ ಹಾಡು ಬಂತು. ಮನೆಗೆ ಹತ್ತು ನಿಮಿಷ ತಡವಾಗಿ ಬಂದ ಹುಡುಗಿಗೆ ಬೀದಿಯಲ್ಲಿ ಹತ್ತು ಜನ ಟೈಮು ಕೇಳುವ ಹಾಡು. ಹುಡುಗಿಯರು ಎದ್ದು ಕುಣಿದರು. ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಗಿರಿಜಾ ಮೈಕಿನ ಹತ್ತಿರ ಬಂದು ಗಿಟಾರಿನ ಮೇಲೆ ಎರಡು ಏಟು ಹೊಡೆದಳು:

ಉಂಡ ತಟ್ಟೇಲೇ ಕೈ ತೊಳ್ದ, ಎದ್ದು ಹೋದ,
ಭಾಷಣಕ್ಕೆ ಟೈಮಾಯ್ತು, ಬರ್ತೀನಿ ಅಂದ.
ತಟ್ಟೆ ಮೇಲೆ ಹೆಸರು ಅವನ್ದೇ, ಒತ್ತು ಮಾತ್ರ ಇಲ್ಲ,
ಒತ್ತು ಕೊಡ್ತೀನಿ ಅಂತಾನಲ್ಲ, ಊರಿಗೆಲ್ಲ, ಊರಿಗೆಲ್ಲ!
ಒತ್ತು ಎಲ್ಲೋಯ್ತು? ಒತ್ತು ಎಲ್ಲೋಯ್ತು?
ನನ್ನ ಬೆನ್ ಮೇಲೈತೆ, ಬಂದು ನೋಡು.

ಒಂದೇ ಒಂದು ಪದಕ್ಕೂ ವ್ಯಾಖ್ಯಾನ ಬೇಕಿರಲಿಲ್ಲ. ಸುತ್ತ ನೋಡಿದೆ, ಎಲ್ಲರೂ ವೇದಿಕೆಯನ್ನೇ ನೋಡುತ್ತಿದ್ದರು. ಹೆಸರು ಹೇಳಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಯಾರೋ ಅದನ್ನು ಫೋನಿನಲ್ಲಿ ವಿಡಿಯೋ ಮಾಡಿ ಹರಿಯಬಿಟ್ಟರು. ಮಾರನೆಯ ದಿನ ಹಾಸ್ಟೆಲ್ಲಿನ ಹಳೆಯ ಗೆಳೆಯನೊಬ್ಬ, ಎಷ್ಟೋ ವರ್ಷದಿಂದ ಸುದ್ದಿಯೇ ಇಲ್ಲದವನು, ಫೋನ್ ಮಾಡಿದ. “ಏನ್ಲೇ ಮಲೇಶಿಯಾ, ಹೆಂಗಿದೀಯ? ಒತ್ತು ಸಿಕ್ತಾ?” ಎಂದ. ಅಲ್ಲಿಂದ ಒಂದು ವಾರ ಫೋನು ಸುಮ್ಮನಿರಲಿಲ್ಲ. ಕಾಲೇಜಿನಲ್ಲಿ ಪಾಠದ ನಡುವೆ “ಈ ಅಂಶಕ್ಕೆ ಕವಿ ವಿಶೇಷ ಒತ್ತು…” ಎಂದೆ. ಹಿಂದಿನ ಬೆಂಚಿನಿಂದ ಸಣ್ಣಗೆ ಗಿಟಾರಿನ ಸದ್ದು ಬಂತು, ಬಾಯಲ್ಲೇ. ಹಾಡಿಗೆ ಮಾತು ಹೊಂದಿಸಲು ನೆರವಾಗಿದ್ದ ತನುಜಾಳನ್ನು ತರಾಟೆಗೆ ತೆಗೆದುಕೊಳ್ಳಲು ಹೋದರೆ, “ಶ್ಲೇಷೆ ಅಂದ್ರೆ ಏನು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ ಸರ್?” ಎಂದಳು. ಆ ವಿಷಯದಲ್ಲಿ ಅವಳಿಗೆ ಪೂರ್ಣಾಂಕ ಕೊಟ್ಟಿದ್ದು ನಿಜ.

ಇಷ್ಟೆಲ್ಲ ಹೇಗೋ ಸಹಿಸಿಕೊಂಡೆ. ಆದರೆ ಆಮೇಲೆ ಗುಬ್ಬಿಯಿಂದ ಕರೆ ಬಂತು. ಅವ್ವ ನನ್ನ ತಮ್ಮನ ಮನೆಯಲ್ಲಿ ಇದ್ದಾಳೆ, ಅಲ್ಲಿನ ಮಹಿಳಾ ಸಂಘಕ್ಕೆ ಅಧ್ಯಕ್ಷೆ. ಸಂಘದ ವಾರ್ಷಿಕೋತ್ಸವಕ್ಕೆ ಸೊಸೆಯ ಬ್ಯಾಂಡೇ ಬರಬೇಕು ಎಂದು ಅವಳ ಹಟ. ಫೋನಿನಲ್ಲಿ ವಿಡಿಯೋ ನೋಡುವ ಅಭ್ಯಾಸ ಅವಳಿಗಿಲ್ಲ, ಹಾಗಾಗಿ ತಟ್ಟೆಯ ಹಾಡು ಇನ್ನೂ ಅವಳ ಕಿವಿಗೆ ಬಿದ್ದಿರಲಿಲ್ಲ. ‘ನಮ್ ಮಲ್ಲೇಶ ಹೆಂಡ್ತೀನ ರಾಣಿ ಹಂಗೆ ಮಡಗವ್ನೆ’ ಎಂದು ಊರೆಲ್ಲ ಹೇಳಿಕೊಂಡು ಬಂದವಳ ಮುಂದೆ, ಆ ಊರಿನ ಹೆಂಗಸರೆಲ್ಲ ಕೂತಿರುವಾಗ, ಆ ಹಾಡು ಬಂದರೆ ನನ್ನ ಗತಿಯೇನು? ನಾನು ಅಡುಗೆಮನೆಗೆ ಹೋಗಿ ನಿಂತೆ.

“ಅವ್ವನ ಮುಂದೆ ಆ ಹಾಡು ಬೇಡ ಕಣೇ.”

“ಯಾಕೆ?”

“ಮರ್ಯಾದೆ ಪ್ರಶ್ನೆ.”

“ಯಾರ ಮರ್ಯಾದೆ?”

ಗಿರಿಜಾ ಒಲೆ ಆರಿಸಿ ನನ್ನ ಕಡೆ ತಿರುಗಿದಳು. ಅವಳು ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. “ಜನಕ್ಕೆ ಕೇಳಿಸೋ ಹಾಡು ನನಗೆ ಇರೋದೇ ಅದೊಂದು ರೀ,” ಎಂದಳು. “ಅದನ್ನೂ ಬಿಡು ಅಂತೀರಿ. ಸರಿ, ಬಿಡ್ತೀನಿ. ಅದರ ಬದಲು ಜಲ–ಮೂರು ಹಾಕ್ತೀನಿ. ಆದ್ರೆ ಅದಕ್ಕೆ ಪೀಠಿಕೆ ನೀವೇ ಹೇಳಬೇಕು.”

ನನಗೆ ಸ್ವರ್ಗ ಮೂರೇ ಗೇಣು ಉಳಿಯಿತು. ತಟ್ಟೆ ಹೋಗಿ ಮಳೆ ಬಂತು. ಮೇಲಾಗಿ ನನ್ನ ಹಳೆಯ ಹುದ್ದೆಯೂ ವಾಪಸ್ಸು ಬಂತು. ಅವಳ ಮುಖ ಬಾಡಿದ್ದು ಕಾಣಿಸಿತು. ಕಾಣಿಸಿಯೂ ನಾನು ಪೀಠಿಕೆ ಬರೆಯಲು ಕೂತೆ.

ಗುಬ್ಬಿಯ ಸಮುದಾಯ ಭವನದಲ್ಲಿ ಮಧ್ಯಾಹ್ನ ಊಟವಾದಮೇಲೆ ಕಾರ್ಯಕ್ರಮ. ಹೆಂಗಸರು ಕಿಕ್ಕಿರಿದಿದ್ದರು. ಗಂಡಸೆಂದರೆ ಮೈಕ್‌ಸೆಟ್ಟಿನವನು ಮತ್ತು ನಾನು. ಅವ್ವ ರೇಷ್ಮೆ ಸೀರೆಯುಟ್ಟು ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತಿದ್ದಳು. ನಾನು ಮೈಕು ಹಿಡಿದು ಹದಿನೈದು ನಿಮಿಷ ಮಳೆ ಸುರಿಸಿದೆ. ದೇವರಾಯನದುರ್ಗ, ಕಪ್ಪು ಬಂಡೆ, ಮೂರು ಹನಿ, ದೂರದ ಗುಡಿಯ ಮಂತ್ರ. “ಇದು ಸುಲಭಕ್ಕೆ ಅರ್ಥವಾಗುವಂಥದ್ದಲ್ಲ, ಕಣ್ಣು ಮುಚ್ಚಿ ಅನುಭವಿಸಿ,” ಎಂದು ಮುಗಿಸಿದೆ. ಹೆಂಗಸರು ವಿಧೇಯರಾಗಿ ಕಣ್ಣು ಮುಚ್ಚಿದರು. ಗಿರಿಜಾ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು.

ನೀರು ಬಿತ್ತು. ಏನೋ ಕಲಕಿತು. ಪಟ್ ಪಟ್ ಪಟ್.

ಮೂರನೆಯ ಸಾಲಿನಲ್ಲಿ ಒಬ್ಬಾಕೆ ಕಣ್ಣು ಬಿಟ್ಟಳು. “ಅಯ್, ಯಾವನೋ ತಟ್ಟೇಲೇ ಕೈ ತೊಳೀತಾವ್ನೆ ಕಣೇ.”

“ಊ ಕಣೇ,” ಎಂದಳು ಪಕ್ಕದವಳು. “ತಳದಲ್ಲಿ ಸಾರು ಬುಟ್ಟವ್ನೆ. ಕೇಳು, ನೀರು ಬಿದ್ದಿದ್ದು ಎಷ್ಟು ಮಂದಕ್ಕೈತೆ.”

“ಸ್ಟೀಲ್ ತಟ್ಟೆ,” ಎಂದಳು ಹಿಂದಿನವಳು. “ಊಟದ್ದು. ತಿಂಡಿ ತಟ್ಟೆ ಅಲ್ಲ.”

ಮತ್ತೆ ನೀರು, ಮತ್ತೆ ಕಲಕು, ಮತ್ತೆ ಮೂರು ಹನಿ. ಈಗ ಭವನಕ್ಕೆ ಭವನವೇ ಕಣ್ಣುಬಿಟ್ಟು, ಕಿವಿಗೊಟ್ಟು ಕೂತಿತ್ತು. ಆಳದಿಂದ ಆ ದಪ್ಪ ದನಿ ಎಳೆದೆಳೆದು ಎದ್ದು ಬಂತು, ‘ಶೀ…ವಾ’. ಅವ್ವ ತಟ್ಟನೆ ಬೆನ್ನು ನೆಟ್ಟಗೆ ಮಾಡಿದಳು.

“ಇದು ನಮ್ ಮಲ್ಲೇಶ ಕಣ್ರವ್ವ,” ಎಂದಳು, ಮೈಕೇ ಬೇಡದ ದನಿಯಲ್ಲಿ. “ಮೂರು ಕಿತ ಕೈ ಒದುರ್ತಾನೆ, ಶಿವಾ ಅಂತ ಏಳ್ತಾನೆ. ತೇಟು ಅವರಪ್ಪನೇ.”

ಭವನದ ಚಾವಣಿಯ ಶೀಟು ಹಾರಿಹೋಗುವಂತೆ ನಗು ಎದ್ದಿತು. ಮೈಕ್‌ಸೆಟ್ಟಿನವನು ಮೆಲ್ಲಗೆ ಹೊರಗೆ ಜಾರಿಕೊಂಡ. ನನಗೆ ಆಗ ಉಪ್ಪಿನಕಾಯಿ ಭರಣಿಯ ಪಕ್ಕ ಒಂದು ಕಪ್ಪು ರೆಕಾರ್ಡರ್ ಇರುತ್ತಿದ್ದದ್ದು, ಅದರ ಕೆಂಪು ದೀಪ ಉರಿಯುತ್ತಿದ್ದದ್ದು, ಎಷ್ಟೋ ಸಲ ಅದನ್ನು ನಾನೇ ಅತ್ತ ಸರಿಸಿ ಮಜ್ಜಿಗೆ ಪಾತ್ರೆ ಎಳೆದುಕೊಂಡದ್ದು, ಒಂದೊಂದಾಗಿ ನೆನಪಾಯಿತು. ಅದರಲ್ಲಿ ದೇವರಾಯನದುರ್ಗದ ಮಳೆಯೂ ಇಲ್ಲ, ಗುಡಿಯೂ ಇಲ್ಲ. ನನ್ನ ಎಂಜಲನ್ನು ನಾನೇ ಊರೂರಿಗೆ ಹೊತ್ತುಕೊಂಡು ಹೋಗಿ, ಕಣ್ಣು ಮುಚ್ಚಿ ಅನುಭವಿಸಿ ಎಂದು ಜನಕ್ಕೆ ಬಡಿಸಿದ್ದೆ.

ಗಿರಿಜಾ ಕಡೆ ತಿರುಗಿದೆ. ಗೆದ್ದವಳ ನಗು ಇರುತ್ತದೆ ಎಂದುಕೊಂಡಿದ್ದೆ. ಅವಳು ನಗುತ್ತಿರಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಆ ಹೆಂಗಸರನ್ನೇ ನೋಡುತ್ತ ನಿಂತಿದ್ದಳು, ಕಣ್ಣಲ್ಲಿ ನೀರು ತುಂಬಿತ್ತು. ಗ್ಯಾಲರಿಗಳಲ್ಲಿ ಗಡ್ಡ ನೀವಿಕೊಂಡವರು ಹತ್ತು ವರ್ಷದಲ್ಲಿ ಕೇಳಿಸಿಕೊಳ್ಳದ್ದನ್ನು ಇವರು ಮೂರು ಹನಿ ಬೀಳುವಷ್ಟರಲ್ಲಿ ಕೇಳಿಸಿಕೊಂಡಿದ್ದರು, ಸಾರು ಮಂದವೋ ತೆಳುವೋ ಎಂಬುದರ ಸಮೇತ. ಅವಳ ಸಂಗೀತ ಯಾವತ್ತೂ ಅರ್ಥವಾಗದ್ದಾಗಿರಲಿಲ್ಲ. ಮೊದಲ ಸಾಲಿನಲ್ಲಿ ಯಾವಾಗಲೂ ನಾನು ಕೂತುಬಿಡುತ್ತಿದ್ದೆ, ಅಷ್ಟೇ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು. ಒಂದೇ ಮೇಜಿನ ಮುಂದೆ ಕೂತು ಒಬ್ಬಳು ಅಷ್ಟು ವರ್ಷ ಒಂದೇ ಮಾತನ್ನು ಹೇಳುತ್ತ ಬಂದಿದ್ದಾಳೆ, ನಾನು ಮಜ್ಜಿಗೆ ಕೇಳುತ್ತ ಬಂದಿದ್ದೇನೆ.

ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. “ಗಿರಿಜಾ, ಆ ತಟ್ಟೆ ಹಾಡು ಹಾಡು,” ಎಂದೆ.

“ಅದ್ಯಾವ ಹಾಡ್ಲಾ?” ಎಂದಳು ಅವ್ವ.

“ಕೇಳವ್ವ, ನಿಂಗೂ ಅದರಲ್ಲಿ ಒಂದು ಪಾಲೈತೆ,” ಎಂದು ಕೆಳಗಿಳಿದು, ಮೊದಲ ಸಾಲಿನಲ್ಲಿ ಅಲ್ಲ, ಕೊನೆಯ ಸಾಲಿನಲ್ಲಿ ಒಂದು ಕುರ್ಚಿ ನೋಡಿ ಕೂತೆ.

ತನುಜಾ ಡ್ರಮ್ಮಿನ ಮೇಲೆ ನನ್ನ ಮೇಲಿನ ಸಿಟ್ಟೆಲ್ಲ ತೀರಿಸಿಕೊಂಡಳು. ಎರಡನೆಯ ಪಲ್ಲವಿಗಾಗಲೇ ಹೆಂಗಸರು ‘ಒತ್ತು ಎಲ್ಲೋಯ್ತು’ ಎಂದು ಕೈಯೆತ್ತಿ ಕೇಳುತ್ತಿದ್ದರು. ಮೂರನೆಯ ಸಲಕ್ಕೆ ಅವ್ವ ಎದ್ದುನಿಂತಳು. ಗಿರಿಜಾ ಗಿಟಾರು ನಿಲ್ಲಿಸಿದಳು.

“ಒತ್ತು ನಾನೇ ಬುಡ್ಸಿದ್ದು ಕಣವ್ವ,” ಎಂದಳು ಅವ್ವ, ಎಲ್ಲರಿಗೂ ಕೇಳುವಂತೆ. “ಬಸ್ಸು ಹೊಂಟೋಯ್ತದೆ ಅಂತ ಅವಸರ ಮಾಡ್ದೆ. ತಟ್ಟೆ ತೊಳಿಯೋದ್ನೂ ಅಂಗೇ ಬುಡ್ಸಿದ್ದು. ರಜಕ್ಕೆ ಬಂದಾಗ ತೊಳಿಯಾಕ್ ಹೋಗಿದ್ದ. ಗಂಡ್ಸು ಮುಸುರೆ ಮುಟ್ಬಾರ್ದು ಬುಡ್ಲಾ ಅಂತ ನಾನೇ ಕಿತ್ಕಂಡೆ.” ಆಮೇಲೆ ಹಿಂದಕ್ಕೆ ತಿರುಗಿ, ಕೊನೆಯ ಸಾಲಿನಲ್ಲಿ ನನ್ನನ್ನು ಹುಡುಕಿ ಹಿಡಿದಳು. “ಕಿತ್ಕಂಡ್ರೆ, ತಿರ್ಗ ಇಸ್ಕಳಕ್ಕೆ ನಿಂಗೇನಾಗಿತ್ಲಾ? ಹಾಸ್ಟೆಲ್ನಾಗೆ ಇದ್ದ ಕೈ ಮದ್ವೆ ಆದ್ಮೇಲೆ ಬಿದ್ದೋಯ್ತಾ?”

ಯಾವತ್ತು ಸಾಲು ಬದಲಾಯಿಸಿದೆ ಎಂಬ ನನ್ನ ಪ್ರಶ್ನೆಗೆ ಹೀಗೆ ಬಹಿರಂಗವಾಗಿ ಉತ್ತರ ಸಿಕ್ಕಿತು.

ಮಾರನೆಯ ದಿನ ಮಧ್ಯಾಹ್ನ ಊಟವಾದಮೇಲೆ ನಾನು ತಟ್ಟೆ ಎತ್ತಿಕೊಂಡು ಸಿಂಕಿಗೆ ಹೋದೆ. ಗಿರಿಜಾಳ ತಟ್ಟೆಯನ್ನೂ ಕೇಳಿ ಇಸಿದುಕೊಂಡೆ. ನಲ್ಲಿ ಬಿಟ್ಟೆ, ಸೋಪು ಹಚ್ಚಿದೆ, ಗರಗರ ಉಜ್ಜಿದೆ. ಹಿಂದೆ ಹೆಜ್ಜೆ ಸದ್ದಾಯಿತು. ನೋಡಿದರೆ ಗಿರಿಜಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ರೆಕಾರ್ಡರನ್ನು ಸೋಪಿನ ಡಬ್ಬಿಯ ಪಕ್ಕ ಇಟ್ಟು, ಕಣ್ಣು ಮುಚ್ಚಿ ನಿಂತಿದ್ದಳು. ಕೆಂಪು ದೀಪ ಉರಿಯುತ್ತಿತ್ತು. ನನ್ನ ಎದೆ ಉಬ್ಬಿತು. ಉಜ್ಜುವುದಕ್ಕೆ ಸ್ವಲ್ಪ ತಾಳವನ್ನೂ ಸೇರಿಸಿದೆ.

“ಇದು ಜಲ–ನಾಲ್ಕಾ? ಅಥವಾ ನೇರ ಹಾಡೇ ಮಾಡ್ತೀಯಾ?” ಎಂದೆ.

“ಒಂದಿನ ತಟ್ಟೆ ತೊಳೆದಿದ್ದಕ್ಕೆಲ್ಲ ಹಾಡು ಕಟ್ಟೋದಾದ್ರೆ, ಅತ್ತೆ ಮೇಲೆ ಒಂದು ಪುರಾಣನೇ ಬರೀಬೇಕಿತ್ತು ರೀ.”

“ಮತ್ತೆ ಯಾಕೆ ರೆಕಾರ್ಡು?”

ಅವಳು ಬೆರಳೆತ್ತಿ ಸುಮ್ಮನಿರಲು ಹೇಳಿದಳು. ನಾನು ತೊಳೆದು ಮುಗಿಸಿ, ನೀರು ಒದರಿ, ಅಭ್ಯಾಸಬಲದಿಂದ “ಶಿವಾ” ಎಂದು, ತಟ್ಟೆಯನ್ನು ಸ್ಟ್ಯಾಂಡಿಗೆ ಏರಿಸಿದೆ. ಅವಳು ಹೆಡ್‌ಫೋನ್ ತೆಗೆದಳು.

“ಬೆನ್ನು ಉಜ್ಜಿಲ್ಲ ನೀವು,” ಎಂದಳು. “ಕೇಳಿಸ್ತು.”